ಕೋಣೆ ಹೊಕ್ಕವರಿಗೆ ಕಂಡಿ ಕಾಣಲಿಲ್ಲ

1901ರಲ್ಲಿ ಹಿರ್ಷ್‌ಮನ್ ಎಂಬ ಜರ್ಮನ್ ವೈದ್ಯ, ಮೂತ್ರಕೋಶ ನೋಡಲೆಂದು ಮಾಡಿದ್ದ ನಳಿಗೆಯನ್ನೇ ಸಪೂರ ಮಾಡಿಸಿ ಮನುಷ್ಯರ ಮೂಗಿನೊಳಗೆ ಇಳಿಸಿದ. ಹಲ್ಲು ಕಿತ್ತ ಗುಂಡಿಯ ದಾರಿಯಿಂದ ಕೆನ್ನೆಯ ಮೂಳೆಯೊಳಗಿನ ಟೊಳ್ಳಿಗೂ ಅದನ್ನು ಹೊಗಿಸಿ ನೋಡಿದ. ಅಂದರೆ ಮೂಗಿನ ಎಂಡೊಸ್ಕೋಪಿಗೆ ನೂರಿಪ್ಪತ್ತು ವರ್ಷ ದಾಟಿದೆ. ನಾನು ಕಿವಿ-ಮೂಗು-ಗಂಟಲಿನ ವಿದ್ಯೆ ಕಲಿತದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಹುಬ್ಬಳ್ಳಿಯಲ್ಲಿ. ಆ ಹೊತ್ತಿಗೆ ಹಿರ್ಷ್‌ಮನ್ನನ ನಳಿಗೆಗೆ ಮುಕ್ಕಾಲು ಶತಮಾನವಾಗಿತ್ತು. ನಮಗೆ ಅವನ ಹೆಸರನ್ನು ಕೂಡ ಯಾರೂ ಹೇಳಿರಲಿಲ್ಲ. ಹೊಟ್ಟೆಯೊಳಗೆ, ಮೂತ್ರಕೋಶದೊಳಗೆ, ಶ್ವಾಸನಾಳದೊಳಗೆ ಜನ ಇಣುಕುತ್ತಿದ್ದ ಕಾಲದಲ್ಲಿ ಮುಖದ ನಟ್ಟನಡುವೆ ಎರಡು ಬಾಗಿಲು ತೆರೆದುಕೊಂಡೇ ಇರುವ ಮೂಗು ಯಾಕೆ ಇಷ್ಟು ಕಾಯಬೇಕಾಯಿತು? ನಿವೃತ್ತಿಯಾದ ಮೇಲೆ ಹಳೆಯ ಪುಸ್ತಕಗಳನ್ನು ಓದುತ್ತ ಕೂತವನಿಗೆ ಇದೊಂದು ಹುಳ ತಲೆಗೆ ಹೊಕ್ಕಿತು.

ಮೊದಲು ನಾವು ಹೇಗೆ ನೋಡುತ್ತಿದ್ದೆವು ಎಂಬುದನ್ನು ಹೇಳಬೇಕು, ಈಗಿನ ಹುಡುಗರಿಗೆ ಅದು ಗೊತ್ತಿಲ್ಲ. ಓಪಿಡಿಯ ಕೋಣೆಯಲ್ಲಿ ಹಗಲಲ್ಲೂ ಪರದೆ ಎಳೆದಿರುತ್ತಿತ್ತು. ರೋಗಿಯ ಎಡಗಿವಿಯ ಮಟ್ಟಕ್ಕೆ ಬುಲ್ಸ್ ಐ ಲ್ಯಾಂಪ್. ಮುಂದೆ ಉಬ್ಬುಗಾಜು ಕೂರಿಸಿದ ತಗಡಿನ ಡಬ್ಬಿ ಅದು, ಹನ್ನೊಂದು ಗಂಟೆಯ ಹೊತ್ತಿಗೆ ಮುಟ್ಟಲಾಗದಷ್ಟು ಕಾದಿರುತ್ತಿತ್ತು. ನಮ್ಮ ಹಣೆಗೊಂದು ಪಟ್ಟಿ, ಅದಕ್ಕೆ ನಡುವೆ ತೂತಿರುವ ಕುಳಿಗನ್ನಡಿ. ಅದೇ ಹೆಡ್ ಮಿರರ್. ಕನ್ನಡಿಯನ್ನು ಬಲಗಣ್ಣಿನ ಮೇಲೆ ಇಳಿಸಿಕೊಂಡು, ದೀಪದ ಬೆಳಕನ್ನು ಹಿಡಿದು, ಮೂಗಿನ ಹೊಳ್ಳೆಯೊಳಗೆ ಬೀಳಿಸಬೇಕು. ಎರಡೂ ಕಣ್ಣು ತೆರೆದಿರಬೇಕು. ಎಡಗೈಯ ತೋರುಬೆರಳಿಗೆ ಥುಡಿಕಮ್ ಸ್ಪೆಕ್ಯುಲಮ್ ನೇತುಹಾಕಿಕೊಂಡು ಹೊಳ್ಳೆ ಅಗಲಿಸಬೇಕು. ಹೊಸಬರ ಬೆಳಕು ಮೊದಮೊದಲು ರೋಗಿಯ ಕಿವಿಗೋ ಗೋಡೆಯ ಕ್ಯಾಲೆಂಡರಿಗೋ ಹೋಗಿ ಬೀಳುತ್ತಿತ್ತು. ಮೂಗಿನ ಹಿಂಭಾಗ ನೋಡಲು ಉದ್ದ ಹಿಡಿಯ ಪುಟ್ಟ ಕನ್ನಡಿ ಬೇರೆ ಇತ್ತು. ಸ್ಪಿರಿಟ್ ದೀಪಕ್ಕೆ ಹಿಡಿದು ಬೆಚ್ಚಗೆ ಮಾಡಿ, ನಮ್ಮದೇ ಮುಂಗೈ ಹಿಂಬದಿಗೆ ತಾಗಿಸಿ ಬಿಸಿ ನೋಡಿ, ಕಿರುನಾಲಿಗೆಯ ಹಿಂದಕ್ಕೆ ಹಾಕಬೇಕು. ಹತ್ತರಲ್ಲಿ ಆರು ಮಂದಿ ಓಕರಿಸುತ್ತಿದ್ದರು, ಅಷ್ಟರಲ್ಲಿ ಕಂಡದ್ದೆಷ್ಟೋ ಅಷ್ಟು.

ಇಷ್ಟೆಲ್ಲ ಮಾಡಿ ನಮಗೆ ಕಾಣುತ್ತಿದ್ದದ್ದು ಮೂಗಿನ ಅಂಗಳ ಮಾತ್ರ. ನಡುಗೋಡೆಯ ಮುಂಭಾಗ, ಪಕ್ಕದ ಗೋಡೆಯಿಂದ ಚಾಚಿದ ಸುರುಳಿ ಮೂಳೆಗಳಲ್ಲಿ, ಎಂದರೆ ಟರ್ಬಿನೇಟುಗಳಲ್ಲಿ, ಕೆಳಗಿನದರ ಮೂತಿ, ಅದೃಷ್ಟವಿದ್ದರೆ ಮಧ್ಯದ ಟರ್ಬಿನೇಟಿನ ತುದಿ. ನಶ್ಯದ ಚಟದ ಮುದುಕರಾದರೆ ಅದೂ ಇಲ್ಲ, ಎಲ್ಲ ಕಂದುಗಪ್ಪು.

ಕುಂದಗೋಳದ ಕಡೆಯ ಒಬ್ಬ ರೈತ ಪ್ರತಿ ಮಳೆಗಾಲಕ್ಕೂ ತಲೆಭಾರ, ಕೆನ್ನೆನೋವು, ದುರ್ನಾತದ ಸಿಂಬಳ ಹೊತ್ತು ಬರುತ್ತಿದ್ದ. “ಡಾಕ್ಟರ್ರ, ಒಳಗ ಏನ್ ಐತ್ರಿ?” ಎಂದು ಕೇಳುತ್ತಿದ್ದ. ಎಕ್ಸ್‌ರೇಯಲ್ಲಿ ಕೆನ್ನೆಯ ಟೊಳ್ಳು ಮಬ್ಬಾಗಿ ಕಾಣುತ್ತಿತ್ತು. ಕೀವು ತುಂಬಿದೆ ಎಂದಷ್ಟೇ ಹೇಳಬಹುದಿತ್ತು. ಮೂಗಿಗೆ ಮರಗಟ್ಟಿಸುವ ಮದ್ದಿನ ಹತ್ತಿ ತುರುಕಿ, ಕೆಳಗಿನ ಟರ್ಬಿನೇಟಿನ ಅಡಿಯಿಂದ ದಪ್ಪ ಸೂಜಿಯಂಥ ಟ್ರೋಕಾರ್ ಒತ್ತುತ್ತಿದ್ದೆವು. ತೆಳು ಮೂಳೆ ಕಟಕ್ಕೆನ್ನುವುದು ರೋಗಿಗೂ ಕೇಳಿಸುತ್ತದೆ, ನಮಗೂ ಕೇಳಿಸುತ್ತದೆ. ಹಿಗ್ಗಿನ್ಸನ್ ಸಿರಿಂಜಿನ ರಬ್ಬರ್ ಬುರುಡೆ ಅಮುಕಿ ಉಪ್ಪುನೀರು ಹಾಯಿಸಿದರೆ ಟ್ರೇಗೆ ಕೀವು ಬೀಳುತ್ತಿತ್ತು. ಆಂಟ್ರಲ್ ವಾಶ್ ಎಂದರೆ ಇದೇ. ಎದ್ದು ಕೂತವನ ಮುಖದಲ್ಲಿ ಕಾಣುವ ನೆಮ್ಮದಿ ನೋಡಬೇಕಿತ್ತು. ಮುಂದಿನ ಮಳೆಗೆ ಮತ್ತೆ ಅದೇ ಮುಖ, ಅದೇ ಪ್ರಶ್ನೆ.

ದೇಹದೊಳಕ್ಕೆ ಬೆಳಕು ಹಾಯಿಸುವ ಹಂಬಲ ಇದಕ್ಕಿಂತ ಬಹಳ ಹಿಂದಿನದು. ಸುಶ್ರುತನ ನೂರೊಂದು ಯಂತ್ರಗಳಲ್ಲಿ ಇಪ್ಪತ್ತು ನಾಡೀಯಂತ್ರಗಳು, ಎಂದರೆ ಕೊಳವೆಗಳು. ಮೂಗಿನಲ್ಲಿ ಬೆಳೆಯುವ ದುರ್ಮಾಂಸವನ್ನು ಆತ ಚೆನ್ನಾಗಿ ಬಲ್ಲ. ಇಲ್ಲಿ ನಿಂತು ‘ಎಲ್ಲವೂ ನಮ್ಮಲ್ಲೇ ಇತ್ತು’ ಎನ್ನುವವರ ಜೊತೆ ನಾನಿಲ್ಲ. ಕೊಳವೆ ಇದ್ದರೆ ಸಾಲದು, ಅದರೊಳಗೆ ಬೆಳಕು ಹೋಗಬೇಕು.

ಆ ಕೆಲಸಕ್ಕೆ ಮೊದಲು ಕೈ ಹಾಕಿದವನು ಫ್ರಾಂಕ್‌ಫರ್ಟಿನ ಫಿಲಿಪ್ ಬೋಟ್ಸಿನಿ. 1806ರಲ್ಲಿ ಆತ ಹೂದಾನಿಯಾಕಾರದ ಒಂದು ಲಾಟೀನು ಮಾಡಿಸಿದ. ಒಳಗೆ ಮೇಣದ ಬತ್ತಿ, ಅದರ ಹಿಂದೆ ಕನ್ನಡಿ, ಮುಂದೆ ದೇಹದ ರಂಧ್ರಕ್ಕೆ ತಕ್ಕ ಕೊಳವೆ. ವಿಯೆನ್ನಾದಲ್ಲಿ ಪರೀಕ್ಷೆಯಾಯಿತು. ಅಲ್ಲಿನ ವೈದ್ಯ ಪಂಡಿತರಿಗೆ ಅದು ಬರೀ ಕುತೂಹಲದ ಆಟಿಕೆಯಾಗಿ ಕಂಡಿತು. ಮೂರೇ ವರ್ಷಕ್ಕೆ, ಜ್ವರದ ರೋಗಿಗಳನ್ನು ನೋಡಿಕೊಳ್ಳುತ್ತಲೇ ಅದೇ ಜ್ವರ ತಗುಲಿ ಬೋಟ್ಸಿನಿ ತೀರಿಕೊಂಡ.

ನಮ್ಮ ವಿದ್ಯೆಯ ಮೂಲಪುರುಷರಲ್ಲಿ ಒಬ್ಬ ವೈದ್ಯನೇ ಅಲ್ಲ, ಸಂಗೀತದ ಮೇಷ್ಟ್ರು ಎಂಬುದು ನನಗೆ ಯಾವತ್ತೂ ಖುಷಿ ಕೊಡುವ ಸಂಗತಿ. ಸ್ಪೇನಿನ ಮನೆತನದ ಮಾನ್ವೆಲ್ ಗಾರ್ಸಿಯಾ ಲಂಡನ್ನಿನಲ್ಲಿ ಹಾಡು ಕಲಿಸುತ್ತಿದ್ದ. ದನಿ ಹುಟ್ಟುವ ಜಾಗವನ್ನು ಕಣ್ಣಾರೆ ನೋಡಬೇಕೆಂಬ ಹುಚ್ಚು. 1854ರಲ್ಲಿ ಪ್ಯಾರಿಸ್ಸಿಗೆ ಹೋಗಿದ್ದಾಗ ಕಿಟಕಿಯ ಗಾಜಿನಲ್ಲಿ ಬಿಸಿಲು ಮಿಂಚಿದ್ದು ಕಂಡು ಉಪಾಯ ಹೊಳೆಯಿತಂತೆ. ದಂತವೈದ್ಯರ ಪುಟ್ಟ ಕನ್ನಡಿ ಕೊಂಡು, ಬಿಸಿ ಮಾಡಿ, ಗಂಟಲಿಗೆ ಹಿಡಿದು, ಕೈಗನ್ನಡಿಯಿಂದ ಬಿಸಿಲು ಹಾಯಿಸಿ ತನ್ನದೇ ಧ್ವನಿತಂತುಗಳನ್ನು ನೋಡಿದ. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ಕಳಿಸಿದ. 1905ರಲ್ಲಿ ಅವನಿಗೆ ನೂರು ತುಂಬಿದಾಗ ಲೋಕದ ಗಂಟಲು ವೈದ್ಯರೆಲ್ಲ ಲಂಡನ್ನಿನಲ್ಲಿ ಸೇರಿ ಉತ್ಸವ ಮಾಡಿದರು.

ವಿಯೆನ್ನಾದ ವೈದ್ಯ ಟ್ಯುರ್ಕ್ ಅದೇ ಬಗೆಯ ಕನ್ನಡಿಯನ್ನು ರೋಗಿಗಳಿಗೆ ಹಿಡಿದ. ಚಳಿಗಾಲ ಬಂದು ಸೂರ್ಯ ಮರೆಯಾದ ಮೇಲೆ ಕೈಬಿಟ್ಟ. ಆ ಕನ್ನಡಿಗಳನ್ನು ಎರವಲು ಒಯ್ದ ಶರೀರವಿಜ್ಞಾನಿ ಚೆರ್ಮಾಕ್ ಬಿಸಿಲಿನ ಗೊಡವೆ ಬಿಟ್ಟು ದೀಪ ಬಳಸಿದ. ಮೊದಲಿಗ ಯಾರೆಂದು ಇಬ್ಬರಿಗೂ ವರ್ಷಗಟ್ಟಲೆ ಜಗಳವಾಯಿತು. ಅದೇ ಚೆರ್ಮಾಕ್ ಕನ್ನಡಿಯನ್ನು ಮೇಲ್ಮುಖ ತಿರುಗಿಸಿ ಮೂಗಿನ ಹಿಂಬಾಗಿಲನ್ನು ಕಂಡ. ನಾವು ಹುಬ್ಬಳ್ಳಿಯಲ್ಲಿ ಸ್ಪಿರಿಟ್ ದೀಪಕ್ಕೆ ಹಿಡಿಯುತ್ತಿದ್ದದ್ದು 1858ರ ಸುಮಾರಿನ ಆ ವಿದ್ಯೆಯನ್ನೇ, ಒಂದಿಷ್ಟೂ ಬದಲಿಲ್ಲದೆ.

ಆಮೇಲೆ ವಿಯೆನ್ನಾದಲ್ಲಿ ಎರಡು ದೊಡ್ಡ ಕೆಲಸಗಳಾದವು. ಅಂಗರಚನೆಯ ಪಂಡಿತ ಎಮಿಲ್ ಜುಕರ್‌ಕಾಂಡ್ಲ್ 1882ರಲ್ಲಿ ಮೂಗಿನ ಒಳರಚನೆಯ ಕುರಿತ ದೊಡ್ಡ ಗ್ರಂಥ ಹೊರತಂದ. 1884ರಲ್ಲಿ ಕಣ್ಣಿನ ವೈದ್ಯ ಕಾರ್ಲ್ ಕೊಲ್ಲರ್ ಕೊಕೇನಿನ ಹನಿ ಬಿಟ್ಟು ಕಣ್ಣನ್ನು ಮರಗಟ್ಟಿಸಿ ತೋರಿಸಿದ. ಮೂಗು-ಗಂಟಲಿನವರು ಕೂಡಲೇ ಅದನ್ನು ತಮ್ಮದಾಗಿಸಿಕೊಂಡರು. ಹೊಳ್ಳೆಗೆ ಸಲಾಕೆ ತಾಗಿದರೆ ಸೀನಿ ಕಣ್ಣೀರಿಡುವ ರೋಗಿ ಈಗ ಸುಮ್ಮನೆ ಕೂರುವಂತಾದ. ಸುಮ್ಮನೆ ಕೂರುವ ರೋಗಿ ಸಿಕ್ಕರೆ ವೈದ್ಯನ ಕೈ ಸುಮ್ಮನಿರುವುದಿಲ್ಲ.

1893ರಲ್ಲಿ ನ್ಯೂಯಾರ್ಕಿನ ಕಾಲ್ಡ್‌ವೆಲ್, 1897ರಲ್ಲಿ ಪ್ಯಾರಿಸ್ಸಿನ ಲುಕ್ ಒಂದೇ ಶಸ್ತ್ರಕ್ರಿಯೆಯನ್ನು ಬೇರೆಬೇರೆಯಾಗಿ ಬರೆದರು. ಮೇಲ್ದುಟಿ ಎತ್ತಿ, ಒಸಡಿನ ಮೇಲೆ ಕೊಯ್ದು, ಉಳಿ-ಸುತ್ತಿಗೆಯಿಂದ ಕೆನ್ನೆಯ ಮೂಳೆ ಒಡೆದು, ಟೊಳ್ಳಿನ ಒಳಪೊರೆಯನ್ನು ಪೂರಾ ಕೆರೆದು ತೆಗೆದು, ಮೂಗಿನ ಕಡೆಗೆ ಕೆಳಗಡೆ ಒಂದು ಹೊಸ ಕಿಟಕಿ ಕೊರೆಯುವುದು. ಕಾಲ್ಡ್‌ವೆಲ್-ಲುಕ್. ನಾನೂ ಇದನ್ನು ಕಲಿತೆ, ಮಾಡಿದೆ, ಒಳ್ಳೆಯ ಕೈಯೆಂದು ಹೆಸರೂ ಬಂತು. ರೋಗಿಯ ಮುಖ ವಾರಗಟ್ಟಲೆ ಊದಿರುತ್ತಿತ್ತು. ಕೆಲವರಿಗೆ ಮೇಲ್ದುಟಿ, ಹಲ್ಲು ಜೋಮುಗಟ್ಟಿದಂತೆಯೇ ಉಳಿಯುತ್ತಿತ್ತು. ಕಣ್ಣಿನ ಪಕ್ಕದ ಇಥ್ಮಾಯ್ಡ್ ಸೈನಸ್ಸಿನ ತಂಟೆಗೆ ಮಾತ್ರ ನಮ್ಮ ಗುರುಗಳು ಬಿಡುತ್ತಿರಲಿಲ್ಲ. ಒಂದು ಕಡೆ ಕಣ್ಣುಗುಡ್ಡೆ, ಮೇಲೆ ಮಿದುಳು, ನಡುವೆ ಕಾಗದದಷ್ಟು ತೆಳುವಾದ ಮೂಳೆ. ಮೂಗಿನ ಮೂಲಕ ಅಲ್ಲಿ ಕೈಹಾಕುವುದು ರೋಗಿಯನ್ನು ಕೊಲ್ಲಲು ತೀರ ಸಲೀಸಾದ ದಾರಿಗಳಲ್ಲೊಂದು ಎಂಬರ್ಥದಲ್ಲಿ ಅಮೆರಿಕದ ಮೋಶರ್ 1929ರಲ್ಲೇ ಬರೆದಿದ್ದ. ಗುರುಗಳು ಆ ಮಾತನ್ನು ಪ್ರತಿ ಬ್ಯಾಚಿಗೂ ಹೇಳುತ್ತಿದ್ದರು.

ಈಗ ಹಿರ್ಷ್‌ಮನ್ನನಿಗೆ ಮರಳೋಣ. ಅವನ ನಳಿಗೆ ಮೂಲೆಗೆ ಸೇರಿದ್ದಕ್ಕೆ ಎಲ್ಲರೂ ಕೊಡುವ ಕಾರಣ ಬೆಳಕು. ಮ್ಯಾಕ್ಸಿಮಿಲಿಯನ್ ನಿಟ್ಜೆ ಎಪ್ಪತ್ತರ ದಶಕದ ಕೊನೆಯಲ್ಲಿ, ಅಂದರೆ 1870ರ ದಶಕದಲ್ಲಿ, ಮೂತ್ರಕೋಶಕ್ಕೆ ಮಾಡಿದ ನಳಿಗೆಯಲ್ಲಿ ಕಾದ ಪ್ಲಾಟಿನಂ ತಂತಿಯೇ ದೀಪ, ಅದನ್ನು ತಣಿಸಲು ನೀರು. ಆಮೇಲೆ ಅದರ ತುದಿಗೆ ಪುಟ್ಟ ವಿದ್ಯುತ್ ಬಲ್ಬು ಬಂತು. ನೀರು ತುಂಬಿದ ಚೀಲದಲ್ಲಿ ಅದು ನಡೆಯುತ್ತದೆ. ಮೂಗಿನಲ್ಲಿ ಬಲ್ಬಿನ ಬಿಸಿ, ಒಸರುವ ರಕ್ತ, ಗಾಜಿಗೆ ಕಟ್ಟುವ ಮಂಜು, ಎಲ್ಲ ಸೇರಿ ಕಾಣುವುದು ಅಷ್ಟಕ್ಕಷ್ಟೆ. ಇದು ನಿಜ. ಆದರೆ ನನಗನ್ನಿಸುವ ಮಟ್ಟಿಗೆ ಇದು ಅರ್ಧ ಕಾರಣ. ಇನ್ನರ್ಧ, ಅವರೆಲ್ಲ ನೋಡಲು ಹೋದ ಜಾಗವೇ ಬೇರೆ. ಕೀವು ಇರುವುದು ಕೆನ್ನೆಯ ದೊಡ್ಡ ಟೊಳ್ಳಿನಲ್ಲಿ, ಹಾಗಾಗಿ ಅಲ್ಲಿಗೇ ನಳಿಗೆ ಹಾಕಬೇಕು ಎಂಬ ಲೆಕ್ಕ. ಬಚ್ಚಲಲ್ಲಿ ನೀರು ನಿಂತರೆ ನಮ್ಮ ಹೆಂಗಸರು ಮೊದಲು ಕಂಡಿಗೆ ಕೈ ಹಾಕಿ ಕಸ ತೆಗೆಯುತ್ತಾರೆ. ನಮ್ಮ ಪಂಡಿತರು ಎಪ್ಪತ್ತು ವರ್ಷ ಬಚ್ಚಲನ್ನೇ ತೊಳೆಯುತ್ತಿದ್ದರು, ಗೋಡೆಗೆ ಹೊಸ ತೂತು ಹೊಡೆಯುತ್ತಿದ್ದರು.

ಬೆಳಕಿನ ಅರ್ಧ ಬಗೆಹರಿದದ್ದು ಇಂಗ್ಲೆಂಡಿನಲ್ಲಿ. ಹೆರಾಲ್ಡ್ ಹಾಪ್‌ಕಿನ್ಸ್ ಲಂಡನ್ನಿನ ಬಡ ಕೇರಿಯಲ್ಲಿ ಹುಟ್ಟಿದ ಭೌತವಿಜ್ಞಾನಿ. ಅವನ ಕೈಕೆಳಗೆ ಸಂಶೋಧನೆಗೆ ಬಂದವನು ಪಂಜಾಬಿನ ಮೋಗಾದಲ್ಲಿ ಹುಟ್ಟಿ, ಆಗ್ರಾದಲ್ಲಿ ಓದಿದ ನರಿಂದರ್ ಸಿಂಗ್ ಕಪಾನಿ. ಕೂದಲೆಳೆಯಂಥ ಗಾಜಿನ ಸಾವಿರಾರು ನೂಲುಗಳನ್ನು ಕಟ್ಟು ಕಟ್ಟಿ, ಅದು ಬಾಗಿದರೂ ಚಿತ್ರ ದಾಟಿಸಬಹುದೆಂದು ಇಬ್ಬರೂ 1954ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಅದಾದ ಮೇಲೆ ಲಿವರ್‌ಪೂಲಿನ ಮೂತ್ರರೋಗ ತಜ್ಞ ಜೇಮ್ಸ್ ಗೌ ಹಾಪ್‌ಕಿನ್ಸನ ಬಳಿಗೆ ಬಂದ. ಹಳೆಯ ನೇರ ನಳಿಗೆಯನ್ನು ಉತ್ತಮಪಡಿಸಿ ಕೊಡು ಎಂದ. ಹಳೆಯದರಲ್ಲಿ ಉದ್ದ ಗಾಳಿಯ ನಡುನಡುವೆ ಪುಟ್ಟ ಗಾಜಿನ ಮಸೂರಗಳಿರುತ್ತಿದ್ದವು. ಹಾಪ್‌ಕಿನ್ಸ್ ಅದನ್ನು ತಿರುವುಮುರುವು ಮಾಡಿದ. ನಳಿಗೆಯ ಉದ್ದಕ್ಕೂ ಗಾಜಿನ ಕಡ್ಡಿಗಳು, ನಡುವೆ ಗಾಳಿಯ ತೆಳು ಅಂತರ. ಆ ಗಾಳಿಯೇ ಮಸೂರ. ಬೆಳಕು ಗಾಜಿನಲ್ಲಿ ಸಾಗಿದ್ದರಿಂದಲೂ, ಮಸೂರಗಳನ್ನು ಹಿಡಿದಿಡುವ ಲೋಹದ ಉಂಗುರಗಳು ಬೇಡವಾದದ್ದರಿಂದಲೂ ಚಿತ್ರ ಎಷ್ಟೋ ಪಟ್ಟು ಬೆಳಗಿತು. ನಳಿಗೆ ಮಾತ್ರ ಇನ್ನೂ ಸಪೂರವಾಯಿತು. 1959ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, ಕೊಳ್ಳುವವರು ಸಿಗಲಿಲ್ಲ. 1965ರಲ್ಲಿ ಜರ್ಮನಿಯ ಟುಟ್ಲಿಂಗನ್ ಊರಿನ ಕಾರ್ಲ್ ಸ್ಟೋರ್ಜ್ ಅದನ್ನು ಕೈಗೆತ್ತಿಕೊಂಡ. ಹೊರಗಿನ ಪೆಟ್ಟಿಗೆಯಲ್ಲಿ ಉರಿಯುವ ದೀಪದ ಬೆಳಕನ್ನು ಬಿಸಿಯಿಲ್ಲದಂತೆ ಗಾಜಿನ ನೂಲುಗಳಲ್ಲಿ ಹಾಯಿಸುವ ಉಪಾಯ ಅವನ ಬಳಿ ಆಗಲೇ ಇತ್ತು. ನೂಲುಗಳಲ್ಲಿ ಬೆಳಕು ಒಳಗೆ ಹೋಗುತ್ತದೆ, ಕಡ್ಡಿಗಳಲ್ಲಿ ಚಿತ್ರ ಹೊರಗೆ ಬರುತ್ತದೆ. ಇವತ್ತಿಗೂ ಓಪಿಡಿಯಲ್ಲಿ ಕೈಗೆ ಸಿಗುವ ನಾಲ್ಕು ಮಿಲಿಮೀಟರ್ ದಪ್ಪದ ಸ್ಕೋಪು ಇದೇ.

ಕಂಡಿಯ ಅರ್ಧ ಬಗೆಹರಿದದ್ದು ಆಸ್ಟ್ರಿಯಾದ ಗ್ರಾಜ್ ಊರಿನಲ್ಲಿ. ವಾಲ್ಟರ್ ಮೆಸ್ಸರ್‌ಕ್ಲಿಂಗರ್ ಅಲ್ಲಿನ ಪ್ರಾಧ್ಯಾಪಕ. ಆತ ಮೊದಲು ಬೆನ್ನುಹತ್ತಿದ್ದು ರೋಗವನ್ನಲ್ಲ, ಸಿಂಬಳವನ್ನು. ಮೂಗು ಮತ್ತು ಸೈನಸ್ಸುಗಳ ಒಳಪೊರೆಯ ಮೇಲೆ ಕಣ್ಣಿಗೆ ಕಾಣದ ರೋಮಗಳು ಒಂದೇ ದಿಕ್ಕಿಗೆ ಬೀಸುತ್ತಿರುತ್ತವೆ; ಅದರ ಮೇಲಿನ ಸಿಂಬಳದ ತೆಳು ಹಾಸು ನಿಮಿಷಕ್ಕೆ ಕೆಲವು ಮಿಲಿಮೀಟರ್ ವೇಗದಲ್ಲಿ ಸಾಗುತ್ತದೆ. ಬೇಕಾದರೆ ಪರೀಕ್ಷಿಸಬಹುದು: ಮೂಗಿನೊಳಗೆ ಸ್ಯಾಕರಿನ್ ಕಾಳೊಂದನ್ನು ಇಟ್ಟರೆ, ಹತ್ತು-ಇಪ್ಪತ್ತು ನಿಮಿಷದಲ್ಲಿ ಗಂಟಲಿಗೆ ಸಿಹಿ ಹತ್ತುತ್ತದೆ. ಮನುಷ್ಯ ಸತ್ತ ಮೇಲೂ ಹಲವು ಗಂಟೆ ಈ ರೋಮಗಳು ಬೀಸುತ್ತಲೇ ಇರುತ್ತವೆ. ಮೆಸ್ಸರ್‌ಕ್ಲಿಂಗರ್ ಆಗತಾನೆ ತೀರಿಕೊಂಡವರ ಸೈನಸ್ಸುಗಳನ್ನು ತೆರೆದು, ಸಿಂಬಳ ಯಾವ ದಾರಿ ಹಿಡಿಯುತ್ತದೆ ಎಂದು ಕೂತು ನೋಡಿದ, ದಾಖಲಿಸಿದ. ಕೆನ್ನೆಯ ಟೊಳ್ಳಿನ ತಳದಿಂದ ಹೊರಟ ಸಿಂಬಳ ಗೋಡೆಗಳನ್ನು ಹತ್ತಿ, ಮೇಲಿರುವ ಕೆಲವೇ ಮಿಲಿಮೀಟರಿನ ಹುಟ್ಟುದ್ವಾರಕ್ಕೇ ಹೋಗುತ್ತದೆ. ತಳದಲ್ಲಿ ನಾವು ಎಷ್ಟೇ ದೊಡ್ಡ ಕಿಟಕಿ ಕೊರೆದಿರಲಿ, ಅದರ ಅಂಚು ಬಳಸಿಕೊಂಡು ಹೋಗಿ ಹಳೆಯ ದ್ವಾರವನ್ನೇ ಸೇರುತ್ತದೆ. ಅಮೆರಿಕದ ಹಿಲ್ಡಿಂಗ್ ಪ್ರಾಣಿಗಳಲ್ಲಿ ಇಂಥದ್ದನ್ನು ಮೊದಲೇ ಕಂಡಿದ್ದ, ಯಾರೂ ಕಿವಿಗೊಟ್ಟಿರಲಿಲ್ಲ.

ಇದನ್ನು ಓದಿದಾಗ ನನ್ನ ಉಳಿ-ಸುತ್ತಿಗೆಯ ವರ್ಷಗಳೆಲ್ಲ ಕಣ್ಣಮುಂದೆ ಬಂದವು.

ಆ ಹುಟ್ಟುದ್ವಾರ ತೆರೆದುಕೊಳ್ಳುವುದು ಮಧ್ಯದ ಟರ್ಬಿನೇಟಿನ ಮರೆಯ ಒಂದು ಇಕ್ಕಟ್ಟಿನ ಓಣಿಗೆ, ನಾವು ಹೆಡ್ ಮಿರರಿನಲ್ಲಿ ಎಂದೂ ಕಾಣದಿದ್ದ ಜಾಗಕ್ಕೆ. ಹಣೆಯ ಸೈನಸ್ಸಿನ ದಾರಿಯೂ ಅಲ್ಲಿಗೇ ಬರುತ್ತದೆ. ಅಲ್ಲಿ ಎದುರುಬದುರಿನ ಪೊರೆಗಳು ಕೊಂಚ ಊದಿ ಒಂದಕ್ಕೊಂದು ತಾಗಿದರೆ ರೋಮಗಳು ನಿಲ್ಲುತ್ತವೆ, ಸಿಂಬಳ ಕಟ್ಟುತ್ತದೆ, ಹಿಂದಿನ ದೊಡ್ಡ ಟೊಳ್ಳುಗಳು ಕೀವಾಗುತ್ತವೆ. ಹಾಪ್‌ಕಿನ್ಸನ ಸ್ಕೋಪಿನಿಂದ ಬದುಕಿರುವವರ ಮೂಗಿನಲ್ಲಿ ಈ ಓಣಿಯನ್ನು ದಿನವೂ ನೋಡುತ್ತ ಹೋದ ಮೆಸ್ಸರ್‌ಕ್ಲಿಂಗರ್, ಇಲ್ಲಿ ಒಂದಿಷ್ಟು ಬಿಡಿಸಿಕೊಟ್ಟರೆ ದೊಡ್ಡ ಟೊಳ್ಳುಗಳನ್ನು ಮುಟ್ಟದೆಯೂ ಅವು ತಾವಾಗಿ ವಾಸಿಯಾಗುತ್ತವೆಂದು ಕಂಡುಕೊಂಡ. ನಾವು ಕೆರೆದು ಬಿಸಾಡುತ್ತಿದ್ದ ಪೊರೆ ಚೇತರಿಸಿಕೊಳ್ಳುತ್ತಿತ್ತು. 1978ರಲ್ಲಿ ಅವನ ಪುಸ್ತಕ ಇಂಗ್ಲಿಷಿನಲ್ಲಿ ಬಂತು. ಶಿಷ್ಯ ಹೈಂಜ್ ಸ್ಟಾಂಬರ್ಗರ್ ಅದನ್ನು ಊರೂರಿಗೆ ಒಯ್ದ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಡೇವಿಡ್ ಕೆನೆಡಿ 1985ರಲ್ಲಿ ಈ ಶಸ್ತ್ರಕ್ರಿಯೆಗೆ ‘ಫಂಕ್ಷನಲ್ ಎಂಡೊಸ್ಕೋಪಿಕ್ ಸೈನಸ್ ಸರ್ಜರಿ’ ಎಂದು ಹೆಸರಿಟ್ಟ. ನಮ್ಮೆಲ್ಲರ ಬಾಯಲ್ಲಿ ಅದು ‘ಫೆಸ್’. ಸಿಟಿ ಸ್ಕ್ಯಾನ್ ಆ ಹೊತ್ತಿಗೆ ಬಂದಿದ್ದರಿಂದ, ಯಾವ ಮೂಳೆಯ ಆಚೆ ಕಣ್ಣಿದೆ, ಯಾವುದರ ಮೇಲೆ ಮಿದುಳಿದೆ ಎಂಬ ನಕ್ಷೆಯೂ ಕೈಗೆ ಸಿಕ್ಕಿತು. ಮೋಶರನ ಎಚ್ಚರಿಕೆ ಸುಳ್ಳಾಗಲಿಲ್ಲ, ಈಗಲೂ ಅದೇ ಕಣ್ಣು, ಅದೇ ಮಿದುಳು. ಕುರುಡಾಗಿ ಕೈಹಾಕುವುದು ಮಾತ್ರ ತಪ್ಪಿತು.

ನಾನು ಇದನ್ನು ಮೊದಲು ನೋಡಿದ್ದು ತೊಂಬತ್ತರ ದಶಕದ ಆರಂಭದಲ್ಲಿ, ಬೆಂಗಳೂರಿನ ಒಂದು ಕಾರ್ಯಾಗಾರದಲ್ಲಿ. ಆಪರೇಷನ್ ಥಿಯೇಟರು ಮಹಡಿಯ ಮೇಲೆ, ನಾವು ಕೆಳಗೆ ಸಭಾಂಗಣದಲ್ಲಿ ಟಿವಿಯ ಮುಂದೆ. ಅಷ್ಟು ವರ್ಷ ಊಹೆಯಲ್ಲೇ ಓಡಾಡಿದ್ದ ಜಾಗ ಪರದೆಯ ತುಂಬ ಗುಲಾಬಿ ಬಣ್ಣದಲ್ಲಿ ಹೊಳೆಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು “ಇದು ಸಿನೆಮಾ ರೀ, ವೈದ್ಯ ಅಲ್ಲ” ಎಂದರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ನಲವತ್ತು ದಾಟಿದ ಮೇಲೆ ಒಂದು ಕೈಯಲ್ಲಿ ಸ್ಕೋಪು, ಇನ್ನೊಂದರಲ್ಲಿ ಚಿಮಟ ಹಿಡಿದು, ಮೂಗು ನೋಡದೆ ಪರದೆ ನೋಡುತ್ತ ಕೆಲಸ ಮಾಡುವುದು ಎಂದರೆ ಎಡಗೈಯಲ್ಲಿ ಬರೆಯಲು ಕಲಿತ ಹಾಗೇ ಸರಿ. ಆಮದಿನ ಸ್ಕೋಪು ಕೊಳ್ಳಲು ನಾನು ಬ್ಯಾಂಕಿನಲ್ಲಿ ಸಾಲ ಮಾಡಿದೆ. ಗಾಜಿಗೆ ಮಂಜು ಕಟ್ಟದಂತೆ ಸ್ಯಾವ್ಲಾನಿನಲ್ಲಿ ಒರೆಸಬೇಕೆಂದು ನನಗೆ ಹೇಳಿಕೊಟ್ಟವರು ಥಿಯೇಟರಿನ ಸಿಸ್ಟರ್, ಯಾವ ಪುಸ್ತಕವೂ ಅಲ್ಲ.

ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಅದು ಬಂದ ಮೇಲೆ ಮಲೆನಾಡಿನ ಮೂಗುಗಳು ತಮ್ಮ ಗುಟ್ಟು ಬಿಟ್ಟುಕೊಡತೊಡಗಿದವು. ಹಳ್ಳದ ನೀರು ಕುಡಿದವರ ಮೂಗಿನಲ್ಲಿ ಸೇರಿಕೊಂಡ ಜಿಗಣೆ ಹಿಂದೆ ಕನ್ನಡಿಗೆ ಕಾಣುವಷ್ಟರಲ್ಲಿ ಒಳಗೆ ಸರಿಯುತ್ತಿತ್ತು. ಈಗ ಎಲ್ಲಿ ಕಚ್ಚಿದೆ ಎಂದು ನೋಡಿಯೇ ಹಿಡಿಯಬಹುದು. ಕೆರೆ, ಮದಗದಲ್ಲಿ ಮೀಯುವವರಿಗೆ ಬರುವ, ನೇರಳೆಗೆಂಪು ಮೈಮೇಲೆ ಬಿಳಿ ಚುಕ್ಕಿಯಿಟ್ಟ ರೈನೋಸ್ಪೊರಿಡಿಯಂ ಗಡ್ಡೆಯ ಬುಡ ಎಲ್ಲಿದೆ ಎಂದು ಕಂಡಿತು. ಬುಡ ಸುಡದಿದ್ದರೆ ಅದು ಮತ್ತೆ ಬರುತ್ತದೆ. ವರ್ಷಗಟ್ಟಲೆ ಒಂದೇ ಹೊಳ್ಳೆಯಿಂದ ನಾತ ಬರುತ್ತಿದ್ದ ಹುಡುಗಿಯ ಮೂಗಿನಾಳದಲ್ಲಿ ಬಳಪದ ಚೂರು, ಸುತ್ತ ಸುಣ್ಣ ಕಟ್ಟಿ ಕಲ್ಲಾಗಿತ್ತು. ಅವಳ ಅಜ್ಜಿ ದೃಷ್ಟಿ ತೆಗೆಸಿ ತೆಗೆಸಿ ಸೋತಿದ್ದಳು.

ಪರೀಕ್ಷೆ ಈಗ ಹತ್ತು ನಿಮಿಷದ್ದು. ಮದ್ದಿನ ಹತ್ತಿ ಇಟ್ಟು ಕಾಯಿಸಿ, ಮೂರು ಸಲ ಸ್ಕೋಪು ಹಾಯಿಸುವುದು: ಒಮ್ಮೆ ನೆಲ ಹಿಡಿದು ಹಿಂಬಾಗಿಲ ತನಕ, ಒಮ್ಮೆ ಮಧ್ಯದ ಟರ್ಬಿನೇಟಿನ ಒಳಬದಿಯಿಂದ ಮೇಲಕ್ಕೆ, ಒಮ್ಮೆ ಆ ಓಣಿಗೆ. ಸುಲಭವಾದದ್ದಕ್ಕೆ ದುರುಪಯೋಗವೂ ಸುಲಭ. ನಾಲ್ಕು ದಿನದ ಸಾದಾ ನೆಗಡಿಗೂ ಎಂಡೊಸ್ಕೋಪಿ ಬರೆದು ಬಿಲ್ಲು ಮಾಡುವುದನ್ನು ನಾನು ಕಂಡಿದ್ದೇನೆ. ನಡುಗೋಡೆ ಕೊಂಚ ಡೊಂಕಾಗಿರುವ ಚಿತ್ರ ತೋರಿಸಿ ಶಸ್ತ್ರಕ್ರಿಯೆಗೆ ಹೆದರಿಸುವುದನ್ನೂ ಕಂಡಿದ್ದೇನೆ. ನೆಟ್ಟಗಿನ ನಡುಗೋಡೆ ಎಷ್ಟು ಮಂದಿಗಿದೆ, ಹುಡುಕಿ ನೋಡಿ. ಮೆಸ್ಸರ್‌ಕ್ಲಿಂಗರ್ ನೋಡಿದ್ದು ಕಡಿಮೆ ಕೊಯ್ಯುವುದಕ್ಕಾಗಿ.

2021ರ ಮೇ ತಿಂಗಳಲ್ಲಿ ಈ ಸ್ಕೋಪಿಗೆ ಬಂದ ಕೆಲಸ ಮಾತ್ರ ಯಾರೂ ನೆನೆಸಿದ್ದಲ್ಲ. ಕೊರೊನಾದ ಎರಡನೇ ಅಲೆಯ ಬೆನ್ನಿಗೇ ಕಪ್ಪು ಶಿಲೀಂಧ್ರ ಬಂತು, ಹೆಚ್ಚಾಗಿ ಸಕ್ಕರೆ ಕಾಯಿಲೆಯವರಿಗೆ, ಸ್ಟಿರಾಯ್ಡ್ ಪಡೆದವರಿಗೆ. ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯನ್ನು ಅದಕ್ಕೆಂದೇ ಗೊತ್ತುಮಾಡಿದರು. ರೋಗ ಮೊದಲು ಕಾಣಿಸುವುದು ಮಧ್ಯದ ಟರ್ಬಿನೇಟಿನ ಸುತ್ತಮುತ್ತಲೇ. ಆರಂಭದಲ್ಲಿ ಕಪ್ಪೂ ಇರುವುದಿಲ್ಲ, ಪೊರೆ ಬಿಳಿಚಿಕೊಂಡಿರುತ್ತದೆ, ಮುಟ್ಟಿದರೆ ನೋವಿಲ್ಲ, ಚಿವುಟಿದರೆ ರಕ್ತವಿಲ್ಲ. ಅಷ್ಟರಲ್ಲೇ ಗುರುತಿಸಿ, ಚೂರು ತೆಗೆದು ಸೂಕ್ಷ್ಮದರ್ಶಕಕ್ಕೆ ಕಳಿಸಿದರೆ ಕಣ್ಣು ಉಳಿದೀತು. ನನ್ನ ಶಿಷ್ಯರು ಪಿಪಿಇ ತೊಟ್ಟು, ಕನ್ನಡಕಕ್ಕೆ ಮಂಜು ಕಟ್ಟಿಸಿಕೊಂಡು, ಬೆಳಗಿನಿಂದ ರಾತ್ರಿಯವರೆಗೆ ಮೂಗು ನೋಡಿದರು. ಅದೇ ರೋಗಿಯನ್ನು ಎರಡು ದಿನ ಬಿಟ್ಟು ಮತ್ತೆ ನೋಡಿದರು. ಆಂಫೊಟೆರಿಸಿನ್ ಚುಚ್ಚುಮದ್ದಿಗೆ ರಾಜ್ಯದಲ್ಲೆಲ್ಲ ತತ್ವಾರವಿತ್ತು. ಒಬ್ಬ ರಾತ್ರಿ ಫೋನು ಮಾಡಿ, “ಸರ್, ಒಳಗೆ ಏನಿದೆ ಅಂತ ನನಗೆ ಪೂರ್ತಿ ಕಾಣ್ತಾ ಇದೆ, ಮದ್ದು ಮಾತ್ರ ಇಲ್ಲ” ಎಂದ. ನಾಳೆ ಬೆಳಿಗ್ಗೆಯೇ ಕೊಳೆತ ಭಾಗವನ್ನು ಕೆರೆದು ತೆಗೆ, ಮದ್ದು ಬರುವ ತನಕ ಅದೊಂದೇ ದಾರಿ ಎಂದೆ. ಅಗತ್ಯ ಬಿದ್ದರೆ ಮೇಲ್ದುಟಿ ಎತ್ತಿ ಕೆನ್ನೆಯ ಮೂಳೆಯನ್ನೂ ತೆರೆಯಬೇಕಾದೀತು ಎಂದಾಗ, ಕಾಲ್ಡ್‌ವೆಲ್-ಲುಕ್ ತಾನು ನೋಡಿಯೇ ಇಲ್ಲ ಎಂದ. ಕಾಗದ-ಪೆನ್ನು ತಗೋ ಎಂದು ಹೇಳಿ, ಕೊಯ್ಯುವ ಗೆರೆ ಎಲ್ಲಿಂದ ಎಲ್ಲಿಗೆ ಎಂಬಲ್ಲಿಂದ ಶುರು ಮಾಡಿ ಬರೆಸಿದೆ.